ತೊಳೆದಿಟ್ಟ ಭರಣಿ

ಲಂಡನ್ನಿನ ಹ್ಯಾರೋದಲ್ಲಿರುವ ಬಾವನ ಹೋಟೆಲಿನಲ್ಲಿ ಶನಿವಾರ, ಭಾನುವಾರ ನನ್ನ ಕೆಲಸ ಚೀಟಿ ಅಂಟಿಸುವುದು. ಚಟ್ನಿ, ಸಾಗು, ಹೆಚ್ಚಿಟ್ಟ ಈರುಳ್ಳಿ, ದೋಸೆ ಹಿಟ್ಟು ಯಾವುದೇ ಇರಲಿ, ಡಬ್ಬಿ ಫ್ರಿಜ್ಜಿನೊಳಗೆ ಹೋಗುವ ಮೊದಲು ಮಾಡಿದ ದಿನ ಮತ್ತು ಎಸೆಯಬೇಕಾದ ದಿನ ಬರೆದ ಚೀಟಿ ಅದರ ಮೇಲೆ ಬೀಳಬೇಕು. ಕೌನ್ಸಿಲ್‌ನವರು ಹೇಳದೆ ಕೇಳದೆ ತಪಾಸಣೆಗೆ ಬರುತ್ತಾರೆ. ಹಾಗಾಗಿ ಅಡುಗೆಮನೆ ಮುಚ್ಚುವಾಗ ನಮ್ಮಲ್ಲಿ ಒಂದೇ ನಿಯಮ: ದಿನಾಂಕವಿಲ್ಲದ್ದು ಕಸ. ಮೂಸಿ ನೋಡುವುದಿಲ್ಲ, ಯಾರದ್ದೆಂದು ಕೇಳುವುದಿಲ್ಲ. ಚೆಲ್ಲಿ, ಬಿಸಿನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಬೋರಲು ಹಾಕುವುದು. ವಾರದ ದಿನಗಳಲ್ಲಿ ಮೆಟ್ರೋಪಾಲಿಟನ್ ಲೈನ್ ರೈಲು ಹಿಡಿದು ಕಚೇರಿಗೆ ಹೋಗಿ ಬೇರೆಯವರ ಅಂಕಿಗಳನ್ನು ಹೊಂದಿಸಿ ಬರುವ ನನಗೆ ಈ ಕೆಲಸವೇ ಹೆಚ್ಚು ಇಷ್ಟವಾಗಿತ್ತು. ತಪ್ಪು ಮಾಡಲು ಅಲ್ಲಿ ಜಾಗವೇ ಇಲ್ಲ ಎಂದುಕೊಂಡಿದ್ದೆ.

ನಾನಿರುವುದು ಕೆಂಟನ್‌ನಲ್ಲಿ, ಅಕ್ಕ-ಬಾವನ ಮನೆಯ ಮೇಲಿನ ಕೋಣೆಯಲ್ಲಿ. ಅಕ್ಕ, ನಾನು ಮೈಸೂರಿನವರು, ಬಾವ ಕುಂದಾಪುರದವರು. ಮೇ ತಿಂಗಳಲ್ಲಿ ಹೋಟೆಲಿನ ಅಡುಗೆಮನೆಯ ನೆಲ ಕಿತ್ತು ಹೊಸದು ಹಾಕಿಸಬೇಕಾಗಿ ಒಂದು ವಾರ ಬಾಗಿಲು ಹಾಕಿದೆವು. ಲಂಡನ್ನಿಗೆ ಬಂದ ಮೇಲೆ ಬಾವನಿಗೆ ಸಿಕ್ಕ ಮೊದಲ ಪೂರ್ತಿ ವಾರದ ರಜೆ ಅದು. ಅಕ್ಕನಿಗೆ ಪ್ಯಾರಿಸ್ ನೋಡುವ ಆಸೆ. ನಾನು ಬೇಡವೆಂದೆ. ಕಾರಿನಲ್ಲಿ ಹೋಗುವುದಾದರೆ ರೈಲು ಹೋಗದ ಊರುಗಳನ್ನು ನೋಡಬೇಕು, ಪ್ರವಾಸದ ಪುಸ್ತಕಗಳಲ್ಲಿ ಇಲ್ಲದ ಊರುಗಳು, ಹೆದ್ದಾರಿ ಬಿಟ್ಟು ಅರ್ಧ ಗಂಟೆಯಾದರೂ ಒಳಗೆ ಇರುವಂಥವು ಎಂದು ವಾದ ಮಾಡಿದೆ. ಪ್ರತಿ ಊರಿಗೂ ದಿನಚರಿಯಲ್ಲಿ ಒಂದು ಪುಟ ಗೆರೆ ಹಾಕಿಟ್ಟುಕೊಂಡೆ. ತಲುಪಿದ ಹೊತ್ತು, ಚೌಕದಲ್ಲಿದ್ದ ಮರಗಳು, ತೆರೆದಿದ್ದ ಅಂಗಡಿ, ಮುಚ್ಚಿದ್ದ ಅಂಗಡಿ.

"ಊರ್ ಕಾಂಬುಕ್ ಬಪ್ಪುದಾ, ಊರಿನ ಲೆಕ್ಕ ತೆಗುಕ್ ಬಪ್ಪುದಾ?" ಎಂದು ಬಾವ ಕೇಳಿದರು.

"ಎರಡೂ, ಬಾವ."

"ನಂದೊಂದೇ ಲೆಕ್ಕ. ಕಾರ್ ನಿಲ್ಸುಕ್ ನೆರಳ್ ಇತ್ತಾ, ಅದ್ ಒಳ್ಳೆ ಊರ್."

ಹೊರಡುವ ದಿನ ಬೆಳಿಗ್ಗೆ ಅಕ್ಕ ಒಂದು ಪುಟ್ಟ ಬಟ್ಟಲು ಹಿಡಿದುಕೊಂಡು ಪಕ್ಕದ ಗುಜರಾತಿ ಮನೆಗೆ ಹೋಗಿ ಬಂದಳು. ಹಾಲು, ಮೊಸರು, ತುಪ್ಪ ಯಾವುದನ್ನೂ ಬ್ರಿಟನ್ನಿನಿಂದ ಫ್ರಾನ್ಸಿಗೆ ಒಯ್ಯುವ ಹಾಗಿಲ್ಲ. ವಾರವಿಡೀ ಫ್ರಿಜ್ಜಿನಲ್ಲಿಟ್ಟರೆ ಹೆಪ್ಪು ಸತ್ತುಹೋಗುತ್ತದೆಂದು ಅವಳಿಗೆ ಭಯ. ಆ ಹೆಪ್ಪು ಅವಳು ಮದುವೆಯಾಗಿ ಬಂದ ವರ್ಷದ್ದು. "ಮೂರು ದಿನಕ್ಕೊಮ್ಮೆ ಹಾಲು ಹಾಕೋಕೆ ಹೇಳಿದೀನಿ, ಮರೆತುಬಿಟ್ರೆ ಏನು ಗತಿ," ಎಂದು ಅವಳು ಡೋವರ್ ತಲುಪುವವರೆಗೂ ಹೇಳುತ್ತಲೇ ಇದ್ದಳು. ನಾನು ನಕ್ಕೆ. ಅಂಗಡಿಯಲ್ಲಿ ಸಿಗುವ ಮೊಸರಿನಿಂದ ಮತ್ತೆ ಹೆಪ್ಪು ಹಾಕಬಹುದಲ್ಲ ಎಂದೆ.

ಹಡಗಿನಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿ, ಬಲಬದಿಯಲ್ಲಿ ಓಡಿಸಬೇಕಾದ ರಸ್ತೆಗಿಳಿದ ಮೇಲೆ ಪ್ರತಿ ತಿರುವಿನಲ್ಲೂ ಅಕ್ಕ "ರೀ, ಬಲಕ್ಕೆ, ಬಲಕ್ಕೆ" ಎನ್ನುವುದು, ಬಾವ "ನಂಗ್ ಗೊತ್ತಿತ್ತ್ ಮಾರಾಯ್ತಿ" ಎನ್ನುವುದು. ಮೊದಲ ಎರಡು ದಿನಗಳ ನನ್ನ ಟಿಪ್ಪಣಿ ಈಗ ಓದಿದರೂ ಚೆನ್ನಾಗಿಯೇ ಇದೆ. ಒಂದು ಊರಿನಲ್ಲಿ ತೆರೆದಿದ್ದದ್ದು ಕ್ಷೌರದ ಅಂಗಡಿಯೊಂದೇ. ಬಾವ ಕೂದಲು ಕತ್ತರಿಸಿಕೊಂಡೇ ಬಂದರು. ಇನ್ನೊಂದರಲ್ಲಿ ಹೊಳೆಯ ಮೇಲೆ ಹೆಂಚು ಹೊದೆಸಿದ ಬಟ್ಟೆ ಒಗೆಯುವ ಕಟ್ಟೆ, ಅದರ ಕಲ್ಲು ಮೊಣಕಾಲುಗಳ ಭಾರಕ್ಕೆ ಸವೆದು ತಗ್ಗಾಗಿತ್ತು. ಮತ್ತೊಂದರಲ್ಲಿ ಕಬ್ಬಿಣದ ಗುಂಡು ಎಸೆದು ಆಡುತ್ತಿದ್ದ ಮುದುಕರು ಬಾವನನ್ನೂ ಆಟಕ್ಕೆ ಸೇರಿಸಿಕೊಂಡರು. ಬಾವ ಸೋತು ಬಂದು, "ನಮ್ಮೂರಗ್ ಗೋಲಿ ಆಡ್ದವ ನಾನ್, ಈ ಗುಂಡ್ ಭಾರ ಜಾಸ್ತಿ ಆಯ್ತ್," ಎಂದರು. ಬಾವ ಅಷ್ಟು ಹೊತ್ತು ಅಡುಗೆಯ ಮಾತೆತ್ತದೆ ಇದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮಂಗಳವಾರ ಸಂಜೆ ಫ್ರಾನ್ಸಿನ ನಡುಭಾಗದ ಗುಡ್ಡಗಳಲ್ಲಿ ಒಂದು ಸಣ್ಣ ಊರು ಸೇರಿದೆವು. ಚರ್ಚು, ಅಂಚೆ ಡಬ್ಬಿ, ದೊಡ್ಡ ಲಿಂಡನ್ ಮರಗಳ ಚೌಕ. ಬೇಕರಿಯ ಹಲಗೆ ಇತ್ತು, ಬೇಕರಿ ಇರಲಿಲ್ಲ. ನಾವು ಕೋಣೆ ಹಿಡಿದದ್ದು ಒಬ್ಬ ವಯಸ್ಸಾದ ಹೆಂಗಸಿನ ಮನೆಯಲ್ಲಿ. ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಕೆಳಗೆ ಒಬ್ಬರೇ ಇರುತ್ತಿದ್ದರು. ಸಂಜೆ ತರಗತಿಗೆ ಹೋಗಿ ಎರಡು ವರ್ಷ ಕಲಿತ ನನ್ನ ಫ್ರೆಂಚಿಗೆ ಅವರು ನಿಧಾನವಾಗಿ, ಪದ ಪದ ಬಿಡಿಸಿ ಉತ್ತರ ಕೊಡುತ್ತಿದ್ದರು. ಬೇಕರಿಯವನು ಊರು ಬಿಟ್ಟ ಮೇಲೆ ಶನಿವಾರ ಶನಿವಾರ ಚರ್ಚಿನ ಹಿಂದಿನ ಕಲ್ಲಿನ ಒಲೆಯಲ್ಲಿ ಅವರೇ ಬ್ರೆಡ್ ಸುಟ್ಟು ಏಳೆಂಟು ಮನೆಗೆ ಕೊಡುತ್ತಾರಂತೆ. ಬಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಳಗಿನ ತಾಮ್ರದ ಪಾತ್ರೆಗಳನ್ನೇ ನೋಡುತ್ತಿದ್ದುದು ಅವರ ಕಣ್ಣಿಗೆ ಬಿತ್ತು.

"ಅವರು ಅಡುಗೆಯವರೇ?" ಎಂದು ನನ್ನನ್ನು ಕೇಳಿದರು. ಹೌದೆಂದೆ. "ಹಾಗಾದರೆ ನಾಳೆ ಮಧ್ಯಾಹ್ನ ಅಡುಗೆಮನೆ ಅವರದು. ನನಗೂ ಒಂದು ತಟ್ಟೆ ಇರಲಿ."

ಬುಧವಾರ ಬಾವ ಉಪ್ಪಿಟ್ಟು, ಟೊಮೆಟೊ ಸಾರು ಮಾಡಿದರು. ನಾಲ್ಕು ಜನ ಹಿತ್ತಲ ಮೇಜಿನಲ್ಲಿ ಕೂತು ಉಂಡೆವು. ಮನೆಯೊಡತಿ ಸಾರನ್ನು ಲೋಟದಲ್ಲಿ ಎರಡು ಸಲ ಹಾಕಿಸಿಕೊಂಡರು. ಆಮೇಲೆ ಒಂದು ತಟ್ಟೆ ಉಪ್ಪಿಟ್ಟಿಗೆ ಬಟ್ಟೆ ಮುಚ್ಚಿ, ಪಕ್ಕದ ಮನೆಯವರಿಗೆ ರುಚಿ ತೋರಿಸಿ ಬರುತ್ತೇನೆಂದು ಹೋದರು. ಬಾವ ಕೈ ಒರೆಸಿಕೊಳ್ಳುತ್ತಾ ನನಗೆ ಹೇಳಿದರು, "ಮಾರಾಯ, ಅಡ್ಗಿಮನಿ ಕ್ಲೋಸ್ ಮಾಡಿ ಬಾ. ನಾವ್ ಒಲಿ ಮುಟ್ಟಿದ್ದೇ ಅವ್ರಿಗ್ ಗೊತ್ತಾಪುಕಾಗ."

ಹ್ಯಾರೋದಲ್ಲಿ ಮಾಡಿದಂತೆಯೇ ಮಾಡಿದೆ. ಒಲೆ ಒರೆಸಿದೆ, ಹಲಗೆಗೆ ಉಪ್ಪು ತಿಕ್ಕಿದೆ, ಪಾತ್ರೆಗಳನ್ನು ಅಳತೆಯ ಪ್ರಕಾರ ಜೋಡಿಸಿದೆ. ಒಲೆಯ ಪಕ್ಕದ ಹಲಗೆಯ ಮೇಲೆ ಒಂದು ಗಾಜಿನ ಭರಣಿ ಇತ್ತು. ಬಾಯಿಗೆ ಬಟ್ಟೆ ಕಟ್ಟಿತ್ತು. ಒಳಗೆ ಬೂದು ಬಣ್ಣದ ಹಿಟ್ಟು, ಅದರ ಮೇಲೆ ಒಂದು ಬೆರಳು ಕಪ್ಪು ನೀರು, ಮೂಗಿಗೆ ಹೊಡೆಯುವ ಹುಳಿ. ತಿರುಗಿಸಿ ನೋಡಿದೆ. ಚೀಟಿ ಇರಲಿಲ್ಲ. ಹಿಂದಿನ ಯಾರೋ ಬಾಡಿಗೆಯವರು ಬಿಟ್ಟುಹೋದದ್ದು ಎಂದುಕೊಂಡೆನೋ, ಅದನ್ನೂ ಅಂದುಕೊಳ್ಳಲಿಲ್ಲವೋ ಹೇಳಲಾರೆ. ಕೈ ತಾನೇ ಸಿಂಕಿಗೆ ಹೋಯಿತು. ತಳದಲ್ಲಿ ಅಂಟಿದ್ದನ್ನು ಬಿಸಿನೀರು ಬಿಟ್ಟು, ಬ್ರಷ್ಷಿನಲ್ಲಿ ಉಜ್ಜಿ ತೆಗೆದೆ. ಬಟ್ಟೆಯ ಮೇಲೆ ಬೋರಲು ಹಾಕಿದಾಗ ಭರಣಿ ಹೊಳೆಯುತ್ತಿತ್ತು.

ಮನೆಯೊಡತಿ ವಾಪಸ್ಸು ಬಂದು ಅಡುಗೆಮನೆಯನ್ನು ನೋಡಿ ಕೈಜೋಡಿಸಿ ನಕ್ಕರು. ಆಮೇಲೆ ಭರಣಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

"ಇದರಲ್ಲಿದ್ದದ್ದು ಎಲ್ಲಿ?"

"ತೊಳೆದೆ," ಎಂದೆ. ಹೆಮ್ಮೆಯಿಂದಲೇ ಹೇಳಿದೆ.

ಅವರು ಸಿಂಕಿನೊಳಗೆ ಬಗ್ಗಿ ನೋಡಿದರು. ಅಷ್ಟು ಹೊತ್ತಿಗೆ ಬಾವ ಬಂದಿದ್ದರು. ಬಾವನ ಮುಖ ನೋಡಿದ ಮೇಲೆ ಏನೋ ಕೆಟ್ಟಿದೆ ಎಂದು ನನಗೆ ಗೊತ್ತಾಯಿತು. ದೋಸೆ ಹಿಟ್ಟಿನಲ್ಲೇ ಬದುಕಿದವರಿಗೆ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. "ಹಿಟ್ಟಿನ ಹೆಪ್ಪಾ ಅದ್?" ಎಂದು ಮೆಲ್ಲಗೆ ಕೇಳಿದರು. ಬ್ರೆಡ್ ಉಬ್ಬುವುದು ಅದರಿಂದ. ಪ್ರತಿ ವಾರ ಒಂದಿಷ್ಟು ತೆಗೆದು ಬ್ರೆಡ್ಡಿಗೆ ಕಲಸುವುದು, ಉಳಿದದ್ದಕ್ಕೆ ಹಿಟ್ಟು ನೀರು ಹಾಕಿ ಮುಂದಿನ ವಾರಕ್ಕೆ ಇಟ್ಟುಕೊಳ್ಳುವುದು. ಮನೆಯೊಡತಿಯ ತಾಯಿ ಹಾಗೆ ಇಟ್ಟುಕೊಂಡು ಬಂದದ್ದು ಅದು. ತಾಯಿಗೂ ಯಾರೋ ಕೊಟ್ಟಿದ್ದರು.

ನಾನು ಎಷ್ಟು ಸಲ ಕ್ಷಮೆ ಕೇಳಿದೆನೋ. ಅವರು ನನ್ನ ತೋಳು ತಟ್ಟಿ, "ಹಿಟ್ಟು, ನೀರು. ಅಷ್ಟೇ ಅಲ್ಲವೇ? ಈ ಶನಿವಾರ ಅಂಗಡಿಯ ಯೀಸ್ಟ್ ಹಾಕುತ್ತೇನೆ. ಬಿಡಿ," ಎಂದರು. ಹಾಗೆಂದು ಭರಣಿಯನ್ನು ತಿರುಗಿ ಹಲಗೆಯ ಮೇಲಿಟ್ಟರು. ಬಟ್ಟೆ ಮಡಿಸಿ ಅದರೊಳಗೆ ಹಾಕಿದರು.

ಹಿತ್ತಲಲ್ಲಿ ಅಕ್ಕ ನನ್ನನ್ನು ಹಿಡಿದುಕೊಂಡಳು. "ಒಂದು ವಾರಕ್ಕೆ ಅಂತ ಹೆಪ್ಪನ್ನ ಪಕ್ಕದ ಮನೇಲಿ ಬಿಟ್ಟು ಬಂದಿದೀನಿ, ಮಗು ಬಿಟ್ಟು ಬಂದ ಹಾಗೆ ಒದ್ದಾಡ್ತಿದೀನಿ. ನೀನು ಇನ್ನೊಬ್ಬರ ಮನೇದನ್ನ ಸಿಂಕಿಗೆ ಸುರಿದ್ಯಲ್ಲೋ."

"ಚೀಟಿ ಇರಲಿಲ್ಲ ಅಕ್ಕ."

"ನಿನ್ನ ಹಣೆ ಮೇಲೂ ಇಲ್ಲ. ನಿನ್ನನ್ನೂ ಸುರೀಬೇಕಿತ್ತು."

ಬಾವ ಅವಳನ್ನು ತಡೆದರು. "ಕ್ಲೋಸ್ ಮಾಡು ಅಂದೇಳಿ ಹೇಳ್ದವ ನಾನ್. ಅವ್ನೊಬ್ಬಂದೇ ಅಲ್ಲ." ಅದನ್ನು ಕೇಳಿ ನನಗೆ ಇನ್ನೂ ಕಷ್ಟವಾಯಿತು.

ಸಂಜೆ ನಾನು ಮನೆಯೊಡತಿಯ ಹತ್ತಿರ ಹೋಗಿ, ಅದನ್ನು ಯಾರಿಗಾದರೂ ಯಾವತ್ತಾದರೂ ಕೊಟ್ಟಿದ್ದೀರಾ ಎಂದು ಕೇಳಿದೆ. ಅಕ್ಕನ ಬಟ್ಟಲು ನೆನಪಾಗಿತ್ತು. ಹೆಪ್ಪು ಅಂದ ಮೇಲೆ ಬೇರೆ ಮನೆಗೆ ಹೋಗಿರಲೇಬೇಕು. ಅವರು ಬೀನ್ಸ್ ಸೋಸುತ್ತಾ ಒಬ್ಬ ನಿವೃತ್ತ ಮೇಷ್ಟ್ರ ಊರಿನ ಹೆಸರು ಹೇಳಿದರು. ಬಹಳ ಹಿಂದೆ ಅವರಿಗೆ ಕೊಟ್ಟಿದ್ದರಂತೆ. "ಆದರೆ ಬೇಡ. ನಿಮ್ಮ ರಜೆ. ಊರು ನೋಡಿ," ಎಂದರು. ಬೇರೆ ಯಾರಿಗೂ ಇಲ್ಲವೇ ಎಂದೆ. ಇಲ್ಲ ಎಂದರು.

ಗುರುವಾರ ನನ್ನ ದಿನಚರಿಯ ಪಟ್ಟಿಯಲ್ಲಿ ಮೂರು ಊರುಗಳಿದ್ದವು. ಮೂರನ್ನೂ ಬಿಟ್ಟು ಮೇಷ್ಟ್ರ ಊರಿಗೆ ಹೋದೆವು. ಎರಡು ಕಣಿವೆ ದಾಟಿ, ಬಂಡೆಯ ಮೇಲೆ ಕೂತ ಊರು. ಕಾರು ಒಳಗೆ ಹೋಗುವುದಿಲ್ಲ. ಕೆಳಗೆ ಆಕ್ರೋಟು ಮರದಡಿ ನಿಲ್ಲಿಸಿ ಮೆಟ್ಟಿಲು ಹತ್ತಿದೆವು. ಪಾರಿವಾಳದ ಗೂಡುಗಳ ಹಾಗೆ ಮನೆಗಳು, ಪ್ರತಿ ಕಿಟಕಿಯಲ್ಲೂ ಒಂದೊಂದು ಬೆಕ್ಕು. ಬೇರೆ ದಿನವಾಗಿದ್ದರೆ ಆ ಊರಿಗೆ ಎರಡು ಪುಟ ಬರೆಯುತ್ತಿದ್ದೆ. ಆ ಪುಟ ಖಾಲಿ ಇದೆ.

ಮೇಷ್ಟ್ರು ಊರುಗೋಲು ಹಿಡಿದು ಬಾಗಿಲು ತೆಗೆದರು. ವಿಷಯ ಕೇಳಿ ಜೋರಾಗಿ ನಕ್ಕುಬಿಟ್ಟರು. "ನನ್ನದು ಸತ್ತು ಎರಡು ವರ್ಷವಾಯಿತು. ಮಂಡಿಯ ಆಪರೇಷನ್ ಎಂದು ಹೋದೆ, ಬಂದು ನೋಡಿದರೆ ಬೂಷ್ಟು. ಅವಳಿಗೆ ಹೇಳಲು ಧೈರ್ಯ ಬರಲಿಲ್ಲ. ನೀವೂ ಹೇಳಬೇಡಿ." ನಂತರ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಅವಳ ತಂಗಿಯ ಹತ್ತಿರ ಇರುತ್ತದಲ್ಲ. ಒಂದೇ ತಾಯಿಯದು, ಇಬ್ಬರೂ ಹಂಚಿಕೊಂಡದ್ದು. ತಂಗಿ ಇದ್ದಾಳೆಂದು ಹೇಳಲಿಲ್ಲವೇ?"

ಇಲ್ಲ ಎಂದೆ.

"ಹೇಳುವುದಿಲ್ಲ. ತಾಯಿಯ ಕೊನೆಗಾಲದಲ್ಲಿ ಯಾರ ಮನೆಯಲ್ಲಿ ಇರಬೇಕಿತ್ತು ಎಂಬ ಜಗಳದಲ್ಲಿ ಮಾತು ಬಿಟ್ಟದ್ದು. ಆಮೇಲೆ ಒಬ್ಬರ ಹೆಸರು ಇನ್ನೊಬ್ಬರು ಎತ್ತಿಲ್ಲ." ತಂಗಿಯ ಊರು ಹೊಳೆಯ ದಂಡೆಯಲ್ಲಿದೆ, ಹಳೆಯ ರೈಲ್ವೆ ಸ್ಟೇಷನ್ನಿನ ಪಕ್ಕದ ಮನೆ ಎಂದು ದಾರಿ ಹೇಳಿದರು.

ಕೆಳಗಿಳಿದು ಕಾರು ಹತ್ತಿದೆವು. ಒಂದು ಕೂಡುರಸ್ತೆ ಬಂತು. ಎಡಕ್ಕೆ ಹೋದರೆ ನಮ್ಮ ಕೋಣೆಯ ಊರು, ಬಲಕ್ಕೆ ಹೋದರೆ ಹೊಳೆ. ಬಾವ ಕಾರನ್ನು ಹುಲ್ಲಿನ ಮೇಲಿಳಿಸಿ ನಿಲ್ಲಿಸಿದರು.

"ಅವ್ರ್ ಬ್ಯಾಡ ಅಂದಿರ್. ತಂಗಿ ಇತ್ತ್ ಅಂದೇಳಿಯೂ ಹೇಳ್ಲಿಲ್ಲ. ಹೇಳ್ದೆ ಇದ್ದದ್ದ್ ಮರ್ತ್ ಹೋಯಿ ಅಲ್ಲ."

"ಗೊತ್ತು ಬಾವ. ಆದರೆ ಅದು ಅವರ ಅಮ್ಮನದು. ಇನ್ನೊಂದು ಮನೇಲಿ ಇದೆ ಅಂತ ಗೊತ್ತಿದ್ದೂ ಸುಮ್ಮನೆ ಹೇಗೆ ಹೋಗೋದು?"

"ನಿಂಗೆ ನಿದ್ರಿ ಬಪ್ಪುಕೆ ಅವ್ರ್ ಮನಿ ಜಗಳದ್ ಬಾಗ್ಲ್ ತಟ್ಟುದಾ?"

ಹಿಂದೆ ಕೂತಿದ್ದ ಅಕ್ಕನ ಕಡೆ ತಿರುಗಿದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. "ನನ್ನ ಹೆಪ್ಪಾಗಿದ್ರೆ ನಾನು ಯಾರ ಕಾಲಾದ್ರೂ ಹಿಡೀತಿದ್ದೆ," ಎಂದಳು. ನನ್ನ ಕಡೆ ತಿರುಗಿ, "ಆದ್ರೆ ಹಿಡಿಯೋದು ನಾನು. ನೀನಲ್ಲ," ಎಂದಳು.

"ನೀನೇ ಹೇಳ್," ಎಂದರು ಬಾವ. "ಎಡಕಾ, ಬಲಕಾ?"

ಬಲಕ್ಕೆ ಎಂದೆ. ಅವರು ಇಂಡಿಕೇಟರ್ ಹಾಕಿದರು. ಈಗಲೂ ಆ ವಾರದ ಬಗ್ಗೆ ಯೋಚಿಸಿದಾಗ ನನಗೆ ಮೊದಲು ನೆನಪಾಗುವುದು ಸಿಂಕು ಅಲ್ಲ, ಆ ಕೂಡುರಸ್ತೆ. ಸಿಂಕಿನ ಮುಂದೆ ನಾನು ಯೋಚಿಸಿರಲಿಲ್ಲ.

ತಂಗಿಯ ಊರು ಒಂದೇ ಬೀದಿಯದು. ಹೊಳೆಗುಂಟ ಬೀದಿ, ಬೀದಿಗುಂಟ ಹಳಿ ಕಿತ್ತ ರೈಲು ದಾರಿ. ಸ್ಟೇಷನ್ನಿನ ಗೋಡೆಗೆ ಗುಲಾಬಿ ಬಳ್ಳಿ ಹಬ್ಬಿಸಿದ್ದರು. ಬಾಗಿಲು ತೆಗೆದವರಿಗೆ ಮನೆಯೊಡತಿಯದೇ ಹಣೆ, ಅದೇ ಕೆನ್ನೆ, ಮೈಕಟ್ಟು ಮಾತ್ರ ಸ್ವಲ್ಪ ಚಿಕ್ಕದು. ನಾನು ಎಲ್ಲವನ್ನೂ ಹೇಳಿದೆ, ಸಿಂಕಿನಿಂದ ಮೇಷ್ಟ್ರವರೆಗೆ. ಬಾವ, ಅಕ್ಕ ನನ್ನ ಹಿಂದೆ ಹೆಣ್ಣು ಕೇಳಲು ಬಂದವರ ಹಾಗೆ ನಿಂತಿದ್ದರು.

"ಅವಳು ಕಳಿಸಿದಳೇ?" ಎಂದು ತಂಗಿ ಕೇಳಿದರು.

"ಇಲ್ಲ. ಅವರಿಗೆ ಗೊತ್ತಿಲ್ಲ."

ಅವರು ತಲೆ ಅಲ್ಲಾಡಿಸಿ ಒಳಗೆ ಹೋದರು. ಒಂದು ಜಾಮಿನ ಸೀಸೆಗೆ ಹಿಟ್ಟು ತುಂಬಿ, ಮುಚ್ಚಳವನ್ನು ಸಡಿಲವಾಗಿ ಹಾಕಿಕೊಂಡು ಬಂದರು. ಬಿಗಿ ಮಾಡಬೇಡಿ, ಅದು ಉಸಿರಾಡಬೇಕು ಎಂದರು. ನನ್ನ ಕೈಗೆ ಕೊಟ್ಟು, ತಮ್ಮ ಕೈಯನ್ನು ಮುಚ್ಚಳದ ಮೇಲೇ ಇಟ್ಟುಕೊಂಡರು.

"ಸಿಕ್ಕಿತೆಂದು ಅವಳು ನನಗೆ ಒಂದು ಫೋನ್ ಮಾಡಲಿ. ಬೇರೇನೂ ಮಾತಾಡಬೇಕಿಲ್ಲ. ಮಾಡುತ್ತಾಳೆಯೇ?"

ಹೌದು, ಮಾಡುತ್ತಾರೆ ಎಂದುಬಿಟ್ಟೆ. ಅವರು ಒಂದು ಕಾಗದದ ಚೂರಿನಲ್ಲಿ ನಂಬರು ಬರೆದು ಕೊಟ್ಟರು. ಸೀಸೆ ನನ್ನ ಕೈಗೆ ಬಂತು.

ಕಾರಿನಲ್ಲಿ ಅಕ್ಕನಿಗೆ ಆ ಮಾತನ್ನು ಕನ್ನಡದಲ್ಲಿ ಹೇಳಬೇಕಾಯಿತು. ಬಾವ ಕೇಳಿಸಿಕೊಂಡರು. "ಮಾಡ್ತ್ರ್ ಅಂದೇಳಿ ನಿಂಗ್ ಹೇಳ್ದವ್ರ್ ಯಾರ್?" ಎಂದರು. ಮನೆ ತಲುಪುವವರೆಗೆ ಸೀಸೆ ನನ್ನ ತೊಡೆಗಳ ನಡುವೆ ಬೆಚ್ಚಗಿತ್ತು, ತಿರುವುಗಳಲ್ಲಿ ಮುಚ್ಚಳ ಸಣ್ಣಗೆ ಅಲುಗಾಡುತ್ತಿತ್ತು.

ಮನೆಯೊಡತಿ ಸೀಸೆ ನೋಡಿ, ಮೇಷ್ಟ್ರದ್ದೆಂದೇ ತಿಳಿದು ಖುಷಿಯಿಂದ ಎದ್ದರು. ಮೇಷ್ಟ್ರ ಗುಟ್ಟನ್ನೂ ನಾನು ಉಳಿಸಲಾಗಲಿಲ್ಲ. ಇದು ಅವರದ್ದಲ್ಲ, ನಿಮ್ಮ ತಂಗಿಯದು ಎಂದೆ. ಅವರು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು. ಸೀಸೆಯನ್ನು ನಾನು ಮೇಜಿನ ಮೇಲಿಟ್ಟೆ.

"ನಾನು ಕೇಳಿರಲಿಲ್ಲ," ಎಂದರು.

"ಹೌದು."

"ಅವಳು ಏನು ಕೇಳಿದಳು?"

"ಸಿಕ್ಕಿತೆಂದು ನೀವೊಂದು ಫೋನ್ ಮಾಡಬೇಕಂತೆ. ಮಾಡುತ್ತಾರೆ ಎಂದು ಹೇಳಿಬಿಟ್ಟೆ."

ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಸಿಟ್ಟಾಗಲಿಲ್ಲ. ಹಿಂದಿನ ದಿನ ಸಿಂಕಿನ ಮುಂದೆ ಇಲ್ಲದ ಒಂದು ದಣಿವು ಮುಖದಲ್ಲಿ ಬಂದಿತ್ತು. "ಮಾತು ಕೊಟ್ಟವರು ನೀವು. ನೀವೇ ಮಾಡಿ," ಎಂದು ಹೇಳಿ ಹಿಟ್ಟಿನ ಡಬ್ಬಿ ತೆಗೆದರು. ಸೀಸೆಯಲ್ಲಿದ್ದದ್ದನ್ನು ಭರಣಿಗೆ ಸುರಿದು, ಹಿಟ್ಟು ಹಾಕಿ, ನೀರು ಬಿಟ್ಟು ಕಲಸಿದರು. ನನಗೆ ಬೆನ್ನು ಹಾಕಿಕೊಂಡೇ, "ಹಿಟ್ಟಿಗೇಕೆ ಉಪವಾಸ," ಎಂದರು.

ನಾನು ಚೌಕದ ಲಿಂಡನ್ ಮರದ ಕೆಳಗೆ ನಿಂತು ತಂಗಿಗೆ ಫೋನ್ ಮಾಡಿದೆ. ಹಿಟ್ಟು ತಲುಪಿತು ಎಂದೆ. ಅವಳೆಲ್ಲಿ ಎಂದರು. ಕೆಲಸದಲ್ಲಿದ್ದಾರೆ ಎಂದೆ. ಓ ಎಂದರು.

ಶುಕ್ರವಾರ ನಾವು ಎಲ್ಲೂ ಹೋಗಲಿಲ್ಲ. ಬಾವ ಹಿತ್ತಲ ಬೇಲಿ ಸರಿಮಾಡಿಕೊಟ್ಟರು, ಅಕ್ಕ ಬೀನ್ಸ್ ಕೊಯ್ದಳು. ನಾನು ಕಲ್ಲಿನ ಒಲೆಗೆ ಸೌದೆ ಹೊತ್ತು ಹಾಕಿದೆ. ಶನಿವಾರ ಬೆಳಿಗ್ಗೆ ಹಡಗು ಹಿಡಿಯಲು ಹೊರಡುವ ಮೊದಲು ಬ್ರೆಡ್ ಹೊರಗೆ ಬಂತು. ಏಳೆಂಟು ಮನೆಯವರು ಬುಟ್ಟಿ, ಬಟ್ಟೆಯ ಚೀಲ ಹಿಡಿದು ಬಂದಿದ್ದರು. ಒಬ್ಬ ಮುದುಕ ಅಲ್ಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಈ ವಾರ ಹುಳಿ ಸ್ವಲ್ಪ ಬೇರೆ ಎಂದ. ಮನೆಯೊಡತಿ ಮುಂದಿನ ಬುಟ್ಟಿ ತುಂಬಿದರು. ನಮಗೊಂದು ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಟ್ಟರು. ಅಕ್ಕನನ್ನು ಅಪ್ಪಿಕೊಂಡರು. ನನಗೆ ಕೈ ಕುಲುಕಿದರು.

ಕೆಂಟನ್‌ಗೆ ಬಂದ ಮೇಲೆ ಅಕ್ಕನ ಫೋನಿಗೆ ಮನೆಯೊಡತಿಯಿಂದ ಶನಿವಾರ ಶನಿವಾರ ಒಂದು ಫೋಟೊ ಬರತೊಡಗಿತು. ಕಲ್ಲಿನ ಒಲೆಯ ಬಾಯಿ, ಹಲಗೆಯ ಮೇಲೆ ಸಾಲಾಗಿ ಬ್ರೆಡ್. ಮಾತಿಲ್ಲ. ಅಕ್ಕ ಒಂದು ದೋಸೆಯ ಫೋಟೊ ಕಳಿಸುತ್ತಾಳೆ. ಇಬ್ಬರಿಗೂ ಇನ್ನೊಬ್ಬರ ಭಾಷೆ ಬರುವುದಿಲ್ಲ, ಅದಕ್ಕೇ ಈ ಸ್ನೇಹ ಸಲೀಸಾಗಿ ನಡೆದಿದೆ.

ಮೊದಲ ಫೋಟೊ ಬಂದ ಮರುದಿನ, ಭಾನುವಾರ, ನಾನು ತಂಗಿಗೆ ಫೋನ್ ಮಾಡಿದೆ. ಒಂದು ಸಲ ಕೊಟ್ಟ ಮಾತಿಗೆ ಒಂದು ಸಲ ಮಾಡಿದರೆ ಸಾಕಿತ್ತು, ಅದು ಚೌಕದಲ್ಲೇ ಮುಗಿದಿತ್ತು. ಆದರೆ ಆ "ಓ" ನನ್ನ ಜೊತೆಯಲ್ಲೇ ಹಡಗು ಹತ್ತಿ ಬಂದಿತ್ತು. ಬ್ರೆಡ್ ಚೆನ್ನಾಗಿ ಉಬ್ಬಿದೆ ಎಂದೆ. ಅವರು ಎಷ್ಟು ಎತ್ತರ, ಯಾವ ಬಣ್ಣ, ಮೇಲೆ ಕತ್ತಿಯಲ್ಲಿ ಗೀರಿದ್ದು ಅಡ್ಡವೋ ಉದ್ದವೋ ಎಂದು ಕೇಳಿದರು. ಫೋಟೊ ನೋಡಿ ಹೇಳಿದೆ. ಅಡ್ಡ. "ಅಮ್ಮನದು ಉದ್ದ," ಎಂದರು. ಮುಂದಿನ ಭಾನುವಾರ ಮತ್ತೆ ಮಾಡಿದೆ. ಹೋಟೆಲಿಗೆ ಹೊರಡುವ ಮೊದಲು, ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು. ಬೇಸಿಗೆ ಮುಗಿದು ಎಲೆ ಉದುರಿ, ಪಕ್ಕದ ಮನೆಯವರು ದೀಪಾವಳಿಯ ಪಟಾಕಿ ಹೊಡೆದು ಮುಗಿಸಿದರೂ ಒಂದು ಭಾನುವಾರವೂ ತಪ್ಪಲಿಲ್ಲ. ಕಣಿವೆಗಳ ಆಚೀಚೆ ಇರುವ ಅಕ್ಕ-ತಂಗಿಯರ ಸುದ್ದಿ ಕೆಂಟನ್ ಸುತ್ತಿಕೊಂಡು ಹೋಗುತ್ತಿತ್ತು, ಅದೂ ಒಂದೇ ದಿಕ್ಕಿನಲ್ಲಿ. ಮನೆಯೊಡತಿಗೆ ನಾನು ಇದನ್ನು ಹೇಳಿರಲಿಲ್ಲ.

"ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅನ್ನೋ ಹಾಗೆ, ಇವನ ಫೋನು," ಎಂದು ಅಕ್ಕ ಬಾವನ ಮುಂದೆ ಆಡಿಕೊಂಡಳು. ಬಾವ ನಗಲಿಲ್ಲ. ಚಟ್ನಿಗೆ ಕಾಯಿ ತುರಿಯುತ್ತಾ, "ಆ ತಂಗಿ ಭಾನುವಾರ ಫೋನಿನ ಹತ್ರವೇ ಕೂತ್ಕಂಡಿರ್ತ್ರ್. ಅದ್ ಯಾರಿಗ್ ಕಾಯುದ್ ಗೊತ್ತಿತ್ತಾ ನಿಂಗೆ? ನಿಂಗಂತೂ ಅಲ್ಲ," ಎಂದರು.

ಅದು ನನಗೂ ಗೊತ್ತಿತ್ತು. ಫೋನ್ ಎತ್ತಿದ ಕೂಡಲೇ ಅವರ ದನಿಯಲ್ಲಿ ಒಂದು ಏರು ಇರುತ್ತದೆ, ನನ್ನ ದನಿ ಕೇಳಿದ ಮೇಲೆ ಅದು ಇಳಿಯುತ್ತದೆ. ನಿಮ್ಮ ಅಕ್ಕ ನಿಮ್ಮನ್ನು ಕೇಳಿದರು ಎಂದು ನಾನು ಯಾವತ್ತೂ ಹೇಳಿಲ್ಲ. ಕೇಳಲಿಲ್ಲ ಎಂದೂ ಹೇಳಿರಲಿಲ್ಲ. ಚೆನ್ನಾಗಿದ್ದಾರೆ, ಕೆಲಸ ಜಾಸ್ತಿ, ಒಲೆಗೆ ಹೊಸ ಬಾಗಿಲು ಹಾಕಿಸಿದ್ದಾರೆ ಎಂದು ಫೋಟೊದಲ್ಲಿ ಕಂಡದ್ದನ್ನು ಮಾತ್ರ ಹೇಳಿ, ಉಳಿದದ್ದನ್ನು ಅವರೇ ತುಂಬಿಕೊಳ್ಳಲು ಬಿಟ್ಟಿದ್ದೆ. ಹಿಟ್ಟಿನ ವಿಷಯದಲ್ಲಿ ಮಾಡಿದ್ದು ಕೈತಪ್ಪು. ಇದನ್ನು ವಾರ ವಾರ ತಿಳಿದೇ ಮಾಡುತ್ತಿದ್ದೆ.

ಹೋದ ಭಾನುವಾರ ಅವರು ಬ್ರೆಡ್ಡಿನ ಮಾತು ಬರುವ ಮೊದಲೇ ಕೇಳಿದರು.

"ಒಂದು ಕೇಳುತ್ತೇನೆ, ನೇರವಾಗಿ ಹೇಳಿ. ಅವಳು ನನ್ನ ಬಗ್ಗೆ ಒಮ್ಮೆಯಾದರೂ ಕೇಳಿದ್ದಾಳೆಯೇ?"

ಕಿಟಕಿಯಾಚೆ ಮಳೆ ಹಿಡಿದಿತ್ತು. ಎದುರು ಮನೆಯವರು ಕಸದ ಡಬ್ಬಿ ಒಳಗೆಳೆದುಕೊಳ್ಳುತ್ತಿದ್ದರು.

"ಇಲ್ಲ," ಎಂದೆ. "ಅಂದು ಫೋನ್ ಮಾಡುತ್ತಾರೆ ಎಂದು ನಾನು ಹೇಳಿದ್ದೂ ಅವರನ್ನು ಕೇಳದೆ."

ಆ ಕಡೆ ಗಡಿಯಾರದ ಸದ್ದು ಕೇಳಿಸಿತು.

"ಈ ವಾರ ಬ್ರೆಡ್ ಹೇಗಿತ್ತು?" ಎಂದರು.

"ತಳ ಸೀದಿದೆ. ಎರಡು ಮೂರು ಕಪ್ಪಾಗಿವೆ."

"ಆತುರಗಾತಿ. ಚಿಕ್ಕಂದಿನಿಂದಲೂ ಹಾಗೇ. ಕೆಂಡ ತೆಗೆದ ಮೇಲೆ ಒಲೆ ಇನ್ನೂ ಸ್ವಲ್ಪ ತಣಿಯಲಿ ಎಂದು ಹೇಳಿ ಅವಳಿಗೆ. ಹೇಳುತ್ತೀರಾ?"

ಹೇಳುವುದಾದರೆ ಇಷ್ಟು ತಿಂಗಳು ನಾನು ಮಾಡಿದ್ದೆಲ್ಲ ಹೊರಗೆ ಬರಬೇಕು. ಆದರೆ ಈ ಸಲ ಅವರು ಕೇಳಿದ್ದು ಮನೆಯೊಡತಿಯ ಪರವಾಗಿ ಮಾತನ್ನಲ್ಲ, ನನ್ನದೇ ಮಾತನ್ನು, ನಾನು ಕೊಡಬಹುದಾದದ್ದನ್ನು. ಹೇಳುತ್ತೇನೆ ಎಂದೆ.

ಆ ದಿನ ಹೋಟೆಲಿಗೆ ತಡವಾಗಿ ಹೋದೆ. ಮನೆಯೊಡತಿ ಫೋನ್ ಎತ್ತಿದಾಗ ಹಿಂದೆ ಪಾತ್ರೆಯ ಸದ್ದಿತ್ತು. ಕಲಿತುಕೊಂಡಿದ್ದ ವಾಕ್ಯಗಳೆಲ್ಲ ಕಲಸಿಹೋದವು. ವಾರ ವಾರ ನಿಮ್ಮ ತಂಗಿಗೆ ಫೋನ್ ಮಾಡುತ್ತಿದ್ದೇನೆ, ನೀವು ಕಳಿಸುವ ಫೋಟೊ ನೋಡಿ ಬ್ರೆಡ್ಡಿನ ಸುದ್ದಿ ಹೇಳುತ್ತಿದ್ದೇನೆ, ನಿಮ್ಮನ್ನು ಕೇಳದೆ ಮಾಡಿದ್ದು ತಪ್ಪು ಎಂದೆ. ಪಾತ್ರೆಯ ಸದ್ದು ನಿಂತಿತು.

"ಕೆಂಡ ತೆಗೆದ ಮೇಲೆ ಒಲೆ ಇನ್ನೂ ಸ್ವಲ್ಪ ತಣಿಯಬೇಕಂತೆ," ಎಂದೆ.

ಅವರ ದನಿ ಬಂತು, ಒಣಗಿದ ದನಿ. "ಅವಳ ಒಲೆ ಚಿಕ್ಕದು. ದೊಡ್ಡ ಒಲೆಯ ವಿಷಯ ಅವಳಿಗೇನು ಗೊತ್ತು?"

ಇದನ್ನು ಅವರಿಗೆ ಹೇಳಲೇ ಎಂದು ಕೇಳಿದೆ.

ಅವರು ಹೇಳಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಕೆಲಸವಿದೆ ಎಂದು ಫೋನ್ ಇಟ್ಟರು. ನಾಳೆ ಮತ್ತೆ ಭಾನುವಾರ. ಒಲೆಯ ಬಗ್ಗೆ ಅವರಂದದ್ದು ಬೈಗುಳವೋ ಉತ್ತರವೋ ಎಂದು ನನಗೆ ಇನ್ನೂ ತಿಳಿದಿಲ್ಲ. ತಂಗಿಗೆ ಹಾಗೆಯೇ, ಒಂದು ಪದ ಸೇರಿಸದೆ, ಒಂದು ಪದ ಬಿಡದೆ ಹೇಳಬೇಕೆಂದಿದ್ದೇನೆ. ಅರ್ಥವನ್ನು ಅವರೇ ನೋಡಿಕೊಳ್ಳಲಿ. ಆ ಮನೆಯ ಮಾತು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.